ಪಾಸ್‌ವರ್ಡ್ ಯಾರ ಕೈಯಲ್ಲಿದೆ?

2025ರ ಡಿಸೆಂಬರ್ 6ರಂದು ಕೇಂದ್ರ ಸರಕಾರದ ಉಮೀದ್ ಪೋರ್ಟಲ್‌ನ ಬಾಗಿಲು ಮುಚ್ಚಿದಾಗ ಅದರಲ್ಲಿ ದಾಖಲಾತಿ ಆರಂಭವಾಗಿದ್ದ ವಕ್ಫ್ ಆಸ್ತಿಗಳ ಸಂಖ್ಯೆ 5 ಲಕ್ಷ 17 ಸಾವಿರ. ಅನುಮೋದನೆ ಪಡೆದುದು 2 ಲಕ್ಷ 16 ಸಾವಿರ. ಸಲ್ಲಿಕೆಯಾಗಿ ಪರಿಶೀಲನೆಗೆ ಕಾದು ಕುಳಿತಿದ್ದುದು 2 ಲಕ್ಷ 13 ಸಾವಿರ. ತಿರಸ್ಕೃತವಾದುದು ಸುಮಾರು 11 ಸಾವಿರ. ಸರಕಾರವೇ ನೀಡಿದ ಈ ಅಂಕಿಗಳನ್ನು ಕೂಡಿಸಿ ಕಳೆದು ನೋಡಿದರೆ ಯಾವ ಲೆಕ್ಕಕ್ಕೂ ಸೇರದ ಸುಮಾರು 75 ಸಾವಿರ ಆಸ್ತಿಗಳು ಉಳಿಯುತ್ತವೆ. ಹಿಂದಿನ ವಾಮ್ಸಿ ದಾಖಲೆಯಲ್ಲಿದ್ದ 8 ಲಕ್ಷ 72 ಸಾವಿರ ಆಸ್ತಿಗಳ ಪೈಕಿ ಬಾಗಿಲಿನ ಬಳಿಗೂ ಬಾರದವುಗಳ ಮಾತು ಹಾಗಿರಲಿ. ಈ 75 ಸಾವಿರವು ಬಾಗಿಲು ದಾಟಿ ಒಳಹೊಕ್ಕು ನಡುಮನೆಯಲ್ಲೆಲ್ಲೋ ನಿಂತುಬಿಟ್ಟವು. ಕೆಲವರಿಗೆ ದಾಖಲೆ ಸಿಗಲಿಲ್ಲ. ಕೆಲವರಿಗೆ ಸರ್ವರ್ ಸಿಗಲಿಲ್ಲ. ಇನ್ನು ಕೆಲವರಿಗೆ ಮುಂದೆ ಒತ್ತಬೇಕಾದ ಗುಂಡಿ ಯಾವುದೆಂದೇ ತಿಳಿಯಲಿಲ್ಲ. ಮೊದಲೆರಡು ಕಾರಣಗಳನ್ನು ನಾವು ಸಭೆಗಳಲ್ಲಿ ಗಟ್ಟಿಯಾಗಿ ಹೇಳುತ್ತೇವೆ. ಮೂರನೆಯದನ್ನು ಹೇಳಲು ನಮಗೆ ಸಂಕೋಚ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯ ಬಗ್ಗೆ ಸಮುದಾಯಕ್ಕಿರುವ ಆಕ್ಷೇಪಗಳು ಪೋರ್ಟಲ್ ತುಂಬಿಸಿದ ಮಾತ್ರಕ್ಕೆ ಕರಗಿ ಹೋಗುವುದಿಲ್ಲ. ಆ ವರ್ಷದ ಜೂನ್ 6ರಂದು ಪೋರ್ಟಲ್ ಆರಂಭವಾದಾಗ ಪರ್ಸನಲ್ ಲಾ ಬೋರ್ಡ್ ಅದನ್ನು ವಿರೋಧಿಸಿತ್ತು. ಸೆಪ್ಟೆಂಬರ್ 15ರಂದು ಸುಪ್ರೀಮ್ ಕೋರ್ಟು ಕಾಯ್ದೆಯ ಕೆಲವು ಕಲಮುಗಳಿಗೆ ತಡೆ ನೀಡಿತು, ನೋಂದಣಿಯ ನಿಯಮಕ್ಕೆ ನೀಡಲಿಲ್ಲ. ಆ ಮೇಲೆ ಅದೇ ಬೋರ್ಡು ಅವಧಿ ವಿಸ್ತರಣೆ ಕೋರಿ ನ್ಯಾಯಾಲಯದ ಮೆಟ್ಟಲೇರಬೇಕಾಯಿತು. ಡಿಸೆಂಬರ್ 1ರಂದು ನ್ಯಾಯಾಲಯವು ಸಾರ್ವತ್ರಿಕ ವಿಸ್ತರಣೆಗೆ ಒಪ್ಪದೆ, ತೊಂದರೆಯಾದವರು ನ್ಯಾಯಮಂಡಳಿಗೆ ಹೋಗಲಿ ಎಂದಿತು. ಕಾಯ್ದೆಯನ್ನು ಪ್ರಶ್ನಿಸುವ ಕೈಯೇ ಮಸೀದಿಯ ಜಮೀನಿನ ಸರ್ವೆ ನಂಬರನ್ನು ಅದೇ ಕಾಯ್ದೆಯ ಪೋರ್ಟಲ್‌ಗೆ ಏರಿಸಬೇಕಾಗಿ ಬಂದುದು ಈ ಕಾಲದ ವಿಪರ್ಯಾಸ. ಆದರೆ ಏರಿಸಲು ಬಾರದ ಕೈಯು ಪ್ರಶ್ನಿಸುವುದನ್ನಾದರೂ ಎಷ್ಟು ಕಾಲ ಮಾಡೀತು?

ಇಷ್ಟಕ್ಕೂ ಪೋರ್ಟಲ್‌ನ ಬಳಕೆಯನ್ನು ಕಲಿಸುವ ಪ್ರಯತ್ನವೇ ಆಗಿಲ್ಲವೆಂದಲ್ಲ. ಕಾರ್ಯಾಗಾರಗಳು ನಡೆದವು, ಸಹಾಯವಾಣಿ ಇತ್ತು. ಕಾರ್ಯಾಗಾರದ ಗೋಡೆಯ ಮೇಲೆ ಪರದೆ ಮೂಡಿಸಿ ಒಬ್ಬರು ಒಂದೂವರೆ ಗಂಟೆ ವಿವರಿಸುತ್ತಾರೆ. ಮುತವಲ್ಲಿಯು ಮೇಕರ್ ಆಗಿ ವಿವರ ತುಂಬಬೇಕು, ವಕ್ಫ್ ಮಂಡಳಿಯ ಅಧಿಕಾರಿ ಚೆಕ್ಕರ್ ಆಗಿ ನೋಡಬೇಕು, ಸರಕಾರ ಗೊತ್ತುಪಡಿಸಿದ ಅಧಿಕಾರಿ ಅಪ್ರೂವರ್ ಆಗಿ ಒಪ್ಪಬೇಕು ಎಂದು ತಿಳಿಸುತ್ತಾರೆ. ಕೇಳಿದವರೆಲ್ಲ ತಲೆದೂಗುತ್ತಾರೆ. ಊರಿಗೆ ಮರಳಿ ಕಂಪ್ಯೂಟರ್ ಮುಂದೆ ಕುಳಿತಾಗ ಮೂರನೆಯ ಪುಟದಲ್ಲಿ ನಕ್ಷೆಯ ಮೇಲೆ ಆಸ್ತಿಯ ಸ್ಥಾನ ಗುರುತಿಸೆಂದು ಕೇಳಿದರೆ, ಕಾರ್ಯಾಗಾರದಲ್ಲಿ ಅದನ್ನು ಹೇಗೆ ಮಾಡಿದರೆಂಬುದು ನೆನಪಿಗೆ ಬರುವುದಿಲ್ಲ. ಮನುಷ್ಯನ ನೆನಪಿನ ಮಿತಿಯೇ ಅಷ್ಟು, ಅದು ಬುದ್ಧಿಯ ಕೊರತೆಯಲ್ಲ. ಆಗ ಅವನಿಗೆ ಬೇಕಾದುದು ಭಾಷಣವಲ್ಲ. ಆ ಮೂರನೆಯ ಪುಟವನ್ನು ಒಬ್ಬರು ತುಂಬುತ್ತಿರುವುದನ್ನು ಮತ್ತೊಮ್ಮೆ ಕಾಣುವ, ಬೇಕೆಂದಲ್ಲಿ ನಿಲ್ಲಿಸಿ ಹಿಂದಕ್ಕೆ ಸರಿಸಿ ನೋಡುವ ಅನುಕೂಲ.

ಆ ಅನುಕೂಲವು ಇಂದು ಪ್ರತಿಯೊಬ್ಬರ ಜೇಬಿನಲ್ಲಿದೆ. 2017ರಿಂದ ಐಫೋನ್‌ಗಳಲ್ಲಿ, 2020ರಿಂದ ಸಾಮಾನ್ಯ ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಪರದೆಯ ಮೇಲೆ ನಡೆಯುವುದನ್ನೆಲ್ಲ ವೀಡಿಯೊ ಆಗಿ ಹಿಡಿದಿಡುವ ಸೌಲಭ್ಯ ಸೇರಿಕೊಂಡಿದೆ. ಸ್ಕ್ರೀನ್ ರೆಕಾರ್ಡಿಂಗ್ ಎನ್ನುವುದು ಅದನ್ನೇ. ಕಂಪ್ಯೂಟರಿನಲ್ಲಾದರೆ ಒಬಿಎಸ್ ಸ್ಟುಡಿಯೋ ಎಂಬ ತಂತ್ರಾಂಶವು ಉಚಿತವಾಗಿ ಸಿಗುತ್ತದೆ. ನಮ್ಮ ಹುಡುಗರು ಇದನ್ನು ಆಟದಲ್ಲಿ ಗೆದ್ದುದನ್ನು ಗೆಳೆಯರಿಗೆ ತೋರಿಸಲು ಧಾರಾಳವಾಗಿ ಬಳಸುತ್ತಾರೆ. ತಂತ್ರಾಂಶ ಕಂಪೆನಿಗಳಾದರೋ ಬಹಳ ಹಿಂದೆಯೇ ಇದನ್ನು ಬಳಕೆದಾರರ ಕೈಪಿಡಿಯಾಗಿ ಬಳಸಿಕೊಂಡವು. ನೂರು ಪುಟದ ಪುಸ್ತಕವನ್ನು ಓದದವನು ಮೂರು ನಿಮಿಷದ ವೀಡಿಯೊ ನೋಡುತ್ತಾನೆಂಬುದು ಅವುಗಳಿಗೆ ಗೊತ್ತು.

ಈಗ ಬಂಗಾರಪೇಟೆಯ ಮಾತಿಗೆ ಬರೋಣ. ಮಾರಿಕುಪ್ಪಂ, ಊರ್ಗಾಂ, ಕೋರಮಂಡಲ ನಿಲ್ದಾಣಗಳಿಂದ ಹೊರಟು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದಿನವೂ ಹೋಗಿಬರುವ ದೊಡ್ಡ ಸಮೂಹವೊಂದಿದೆ. ಅದರಲ್ಲಿ ನಮ್ಮ ಸಮುದಾಯದ ಯುವಕರೂ ಇದ್ದಾರೆ. ಕೆಲವರು ಬಟ್ಟೆ ಅಂಗಡಿಗೆ, ಗ್ಯಾರೇಜಿಗೆ ಹೋಗುವವರಾದರೆ ಇನ್ನು ಕೆಲವರು ವೈಟ್‌ಫೀಲ್ಡ್‌ನಲ್ಲಿ ಇಳಿದು ಗಾಜಿನ ಕಟ್ಟಡಗಳಿಗೆ ಹೋಗುವವರು. ಎಲ್ಲೋ ದೂರದ ದೇಶದ ಗ್ರಾಹಕನಿಗೆ ತಂತ್ರಾಂಶ ಬಳಸುವುದು ಹೇಗೆಂದು ಹಗಲಿಡೀ ತೋರಿಸಿಕೊಡುವುದೇ ಇವರಲ್ಲಿ ಹಲವರ ಉದ್ಯೋಗ. ರಾತ್ರಿ ರೈಲಿಳಿದು ಮೊಹಲ್ಲಾಕ್ಕೆ ಬಂದರೆ, ಅದೇ ಮೊಹಲ್ಲಾದ ಮಸೀದಿಯ ಕಾಗದಪತ್ರಗಳ ಕಟ್ಟನ್ನು ಹಿಡಿದು ಎಪ್ಪತ್ತರ ಹರೆಯದ ಕಾರ್ಯದರ್ಶಿಯೊಬ್ಬರು ಸೈಬರ್ ಸೆಂಟರಿನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಇವರಿಬ್ಬರ ನಡುವೆ ಇರುವ ಅಂತರ ಇಶಾ ನಮಾಝಿನ ಒಂದು ಸಾಲಿನಷ್ಟು. ಅದನ್ನು ದಾಟಿಸುವ ವ್ಯವಸ್ಥೆ ಮಾತ್ರ ನಮ್ಮಲ್ಲಿಲ್ಲ.

ತಂತ್ರಜ್ಞಾನಕ್ಕೆ ಈ ನಾಡು ಅಪರಿಚಿತವೇನಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಬಂದುದು ಕೋಲಾರದ ಚಿನ್ನದ ಗಣಿಗೆ, ಬೆಂಗಳೂರು ಆ ಬೆಳಕನ್ನು ಕಂಡುದು 1905ರಲ್ಲಿ. ಚಾಂಪಿಯನ್ ರೀಫ್‌ನ ಗಣಿಯು ಮೂರು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿದಿತ್ತು. ಅಂಥ ಆಳದಲ್ಲಿ ಬಂಡೆ ಯಾವಾಗ ಸಿಡಿಯುತ್ತದೆ, ಯಾವ ಸದ್ದಿಗೆ ಹಿಂದೆ ಸರಿಯಬೇಕು ಎಂಬ ಅರಿವು ಹಳಬನ ಕಣ್ಣಿನಿಂದ ಹೊಸಬನ ಕಣ್ಣಿಗೆ ಹೋಗುತ್ತಿತ್ತು. ಹೊಸಬನು ಹಳಬನ ಬೆನ್ನ ಹಿಂದೆ ನಿಂತು ಕಲಿಯುತ್ತಿದ್ದ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಯಂತ್ರಗಳು ತುಕ್ಕು ಹಿಡಿದವು, ಸಯನೈಡ್ ದಿಬ್ಬಗಳು ಉಳಿದವು. ಕೈಯಲ್ಲಿದ್ದ ಅರಿವನ್ನು ಮುದುಕರು ತಮ್ಮೊಂದಿಗೇ ಕೊಂಡೊಯ್ದರು. ಅದನ್ನು ಹಿಡಿದಿಡುವ ಸಾಧನ ಆಗ ಕಾರ್ಮಿಕನ ಕೈಯಲ್ಲಿರಲಿಲ್ಲ.

ಗಣಿ ಮುಚ್ಚಿದ ಅದೇ ಹೊತ್ತಿಗೆ ರಾಜ್ಯದಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಆಗ ರೈತನು ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಒಳಗಿದ್ದವರು ಪಹಣಿ ಮುದ್ರಿಸಿ ಕೊಡುತ್ತಿದ್ದರು. ತಂತ್ರಾಂಶವನ್ನು ಬಲ್ಲವನಾಗಬೇಕೆಂಬ ಹೊಣೆ ಸರಕಾರದ ನೌಕರನದ್ದಾಗಿತ್ತು, ರೈತನದ್ದಲ್ಲ. ಕಾಲು ಶತಮಾನದಲ್ಲಿ ಆ ಹೊಣೆ ಕಿಂಡಿಯ ಆಚೆಯಿಂದ ಈಚೆಗೆ ದಾಟಿ ಬಂದಿದೆ. ವಿದ್ಯಾರ್ಥಿವೇತನದ ಅರ್ಜಿ, ಹಜ್ಜ್ ಅರ್ಜಿ, ಆಸ್ತಿ ನೋಂದಣಿಯ ಕಾವೇರಿ 2.0, ಇ-ಖಾತಾ, ಸೇವಾ ಸಿಂಧು, ಈಗ ಉಮೀದ್. ಪ್ರತಿಯೊಂದರಲ್ಲೂ ನಾಗರಿಕನೇ ಗುಮಾಸ್ತ. ಸಂಬಳವಿಲ್ಲದ, ತರಬೇತಿಯಿಲ್ಲದ, ತಪ್ಪಾದರೆ ತಾನೇ ನಷ್ಟ ತುಂಬಿಕೊಳ್ಳಬೇಕಾದ ಗುಮಾಸ್ತ. ಸರಕಾರವು ಇದನ್ನು ಸಬಲೀಕರಣವೆಂದು ಕರೆಯುತ್ತದೆ. ಸಬಲರಾದವರು ಸೈಬರ್ ಸೆಂಟರಿನವರು.

ಸೈಬರ್ ಸೆಂಟರಿನವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರಲ್ಲಿ ಹೆಚ್ಚಿನವರು ಶ್ರಮಜೀವಿಗಳು, ನಮ್ಮವರೇ ಆದ ಮಕ್ಕಳು. ಪ್ರಶ್ನೆ ಇರುವುದು ಪಾಸ್‌ವರ್ಡಿನ ಬಗ್ಗೆ. ಒಂದು ಮಸೀದಿಯ ವಕ್ಫ್ ಖಾತೆಗೆ ಲಾಗಿನ್ ಸೃಷ್ಟಿಸುವಾಗ ಸೆಂಟರಿನ ಹುಡುಗನು ತನ್ನದೇ ಇಮೇಲ್ ಕೊಟ್ಟಿರುತ್ತಾನೆ, ಏಕೆಂದರೆ ಕಾರ್ಯದರ್ಶಿಗೆ ಇಮೇಲ್ ಇಲ್ಲ. ಪಾಸ್‌ವರ್ಡನ್ನು ಅವನೇ ಆರಿಸಿ, ಅವನೇ ತನ್ನ ಪುಸ್ತಕದಲ್ಲಿ ಬರೆದುಕೊಂಡಿರುತ್ತಾನೆ. ಒಟಿಪಿ ಬಂದಾಗ ಕಾರ್ಯದರ್ಶಿ ಮೊಬೈಲನ್ನೇ ಅವನ ಕೈಗೆ ಕೊಡುತ್ತಾರೆ. ನಾಳೆ ಅವನು ಅಂಗಡಿ ಮುಚ್ಚಿ ಹೊಸಕೋಟೆಗೆ ಹೋದರೆ ಖಬರಸ್ತಾನದ ಜಮೀನಿನ ದಾಖಲೆಗೆ ದಾರಿ ಯಾವುದು? ಅವನಿಗೆ ತಪ್ಪು ಮಾಡುವ ಉದ್ದೇಶವಿಲ್ಲವೆಂದೇ ಇಟ್ಟುಕೊಳ್ಳಿ. ಅವನ ಬಳಿಕ ಆ ಪುಸ್ತಕ ಯಾರ ಕೈಸೇರುತ್ತದೆಂದು ಬಲ್ಲವರಾರು?

ಲಾಗಿನ್‌ಗಳು ಪರರ ಕೈಯಲ್ಲಿದ್ದರೆ ಏನಾಗಬಹುದೆಂಬುದನ್ನು ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ಹಗರಣ ನಮಗೆ ತೋರಿಸಿಕೊಟ್ಟಿದೆ. 2023ರಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವೇ ಮಾಡಿಸಿದ ತನಿಖೆಯಲ್ಲಿ, ಪರಿಶೀಲಿಸಲಾದ 1572 ಸಂಸ್ಥೆಗಳ ಪೈಕಿ 830 ನಕಲಿ ಎಂದು ಕಂಡುಬಂತು. 2017-18ರಿಂದ 2021-22ರ ವರೆಗಿನ ನಷ್ಟ 144 ಕೋಟಿ ರೂಪಾಯಿಗೂ ಹೆಚ್ಚೆಂದು ಲೆಕ್ಕಹಾಕಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಲಾಯಿತು. ಬಡ ಮಕ್ಕಳ ಹೆಸರಿನಲ್ಲಿ ಅರ್ಜಿ ಹೋಗಿತ್ತು, ಹಣ ಬಂದಿತ್ತು, ಮಕ್ಕಳಿಗೆ ಸುದ್ದಿಯೇ ಇರಲಿಲ್ಲ. ಒಂದರಿಂದ ಎಂಟನೇ ತರಗತಿಯ ವರೆಗಿನ ಮೆಟ್ರಿಕ್‌ಪೂರ್ವ ವೇತನವನ್ನು 2022ರಲ್ಲಿ ನಿಲ್ಲಿಸಿದಾಗ ನಾವು ಸರಿಯಾಗಿಯೇ ಪ್ರತಿಭಟಿಸಿದೆವು. ಇದ್ದ ಕಾಲದಲ್ಲಿ ಅದು ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿತ್ತೆಂದು ಕೇಳುವ ಅಭ್ಯಾಸವನ್ನೂ ಬೆಳೆಸಿಕೊಂಡಿದ್ದರೆ ಚೆನ್ನಾಗಿತ್ತು. 2023ರ ಜುಲೈಯಲ್ಲಿ ಗೃಹಲಕ್ಷ್ಮಿಯ ಅರ್ಜಿ ಆರಂಭವಾದಾಗಲೂ ಅಷ್ಟೇ. ಉಚಿತವಾಗಿ ಸಲ್ಲಿಸಬೇಕಾದ ಅರ್ಜಿಗೆ ಕೆಲವೆಡೆ ಮಹಿಳೆಯರಿಂದ ಹಣ ಪಡೆಯಲಾಗುತ್ತಿದೆಯೆಂಬ ದೂರು ಬಂದು, ಸರಕಾರವೇ ಎಚ್ಚರಿಕೆ ನೀಡಬೇಕಾಯಿತು.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ವಚನವು ನಮಾಝಿನ ಬಗ್ಗೆಯೋ ಉಪವಾಸದ ಬಗ್ಗೆಯೋ ಅಲ್ಲ, ದಾಖಲೆ ಬರೆಯುವುದರ ಬಗ್ಗೆ. ಅಲ್‌ಬಕರಃ ಅಧ್ಯಾಯದ 282ನೆಯದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಅದು ಆಜ್ಞಾಪಿಸುತ್ತದೆ. ಬರೆಯಬಲ್ಲವನು ಅಲ್ಲಾಹನು ತನಗೆ ಕಲಿಸಿದಂತೆ ಬರೆಯಲು ನಿರಾಕರಿಸಬಾರದೆಂದೂ ಹೇಳುತ್ತದೆ. ಈ ಎರಡೂ ಮಾತುಗಳನ್ನು ನಮ್ಮ ಖುತ್ಬಾಗಳಲ್ಲಿ ಕೇಳಿದ್ದೇವೆ. ಮೂರನೆಯದನ್ನು ಗಮನಿಸಿದವರು ಕಡಿಮೆ. ಬರೆಸಬೇಕಾದವನು ಹೊಣೆ ಹೊತ್ತವನೇ, ಅವನು ದುರ್ಬಲನೋ ಹೇಳಿ ಬರೆಸಲಾರದವನೋ ಆದರೆ ಅವನ ಪೋಷಕನು ನ್ಯಾಯವಾಗಿ ಬರೆಸಲಿ ಎಂಬುದು ಅದರ ಆಶಯ. ಅಂದರೆ ಲೇಖಕನ ಕೈಯಲ್ಲಿರುವುದು ಲೇಖನಿ ಮಾತ್ರ, ಮಾತು ಹೊಣೆಗಾರನದ್ದು. ನಮ್ಮ ಸೆಂಟರುಗಳಲ್ಲಿ ಇದು ತಲೆಕೆಳಗಾಗಿದೆ. ಲೇಖನಿಯೂ ಅವನದ್ದೇ, ಮಾತೂ ಅವನದ್ದೇ. ಹೊಣೆಗಾರನು ಕೊನೆಯಲ್ಲಿ ಮುದ್ರಿತ ಹಾಳೆಯನ್ನು ಮಡಚಿ ಜೇಬಿಗಿಡುತ್ತಾನೆ, ಅದರಲ್ಲಿ ಏನಿದೆಯೆಂದು ಓದುವುದಿಲ್ಲ. ಇಂಗ್ಲಿಷಿನಲ್ಲಿರುವುದನ್ನು ಓದುವುದಾದರೂ ಹೇಗೆ?

ಹಾಗಾದರೆ ಕಾರ್ಯದರ್ಶಿಗಳೆಲ್ಲ ಇಂಗ್ಲಿಷ್ ಕಲಿಯಬೇಕೇ? ಕಲಿತರೆ ಸಂತೋಷ, ಕಾಯಲು ಸಮಯವಿಲ್ಲ. ಇಲ್ಲಿ ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಿಂದ ನಾವು ಕಲಿಯಬೇಕಾದುದಿದೆ. ಪ್ರೊಫೆಸರ್ ಕಣ್ಣನ್ ಮೌದ್ಗಲ್ಯರ ನೇತೃತ್ವದಲ್ಲಿ, ಕೇಂದ್ರದ ಶಿಕ್ಷಣ ಇಲಾಖೆಯ ನೆರವಿನಿಂದ ಬೆಳೆದ ಯೋಜನೆಯದು. ಕಂಪ್ಯೂಟರ್ ಪರದೆಯನ್ನು ರೆಕಾರ್ಡ್ ಮಾಡಿ, ಜೊತೆಗೆ ವಿವರಣೆ ಸೇರಿಸಿ, ಸುಮಾರು ಹತ್ತು ನಿಮಿಷಗಳ ಪಾಠ ತಯಾರಿಸುತ್ತಾರೆ. ಪರದೆಯ ಮೇಲಿನ ಅಕ್ಷರಗಳು ಇಂಗ್ಲಿಷಿನಲ್ಲೇ ಇರುತ್ತವೆ, ಧ್ವನಿ ಮಾತ್ರ ಕನ್ನಡ, ಉರ್ದು, ತಮಿಳು ಮುಂತಾದ ಭಾರತೀಯ ಭಾಷೆಗಳಿಗೆ ಬದಲಾಗುತ್ತದೆ. ಇದರ ಹಿಂದಿನ ಯೋಚನೆ ಸರಳವಾಗಿದೆ. ಕಲಿಯುವವನು ನಾಳೆ ಎದುರಿಸಬೇಕಾದ ಪರದೆ ಇಂಗ್ಲಿಷಿನದ್ದೇ. ಆ ಪರದೆಯ ಮೇಲೆ ಯಾವ ಪದ ಎಲ್ಲಿದೆಯೆಂದು ಅವನು ಗುರುತಿಸಬೇಕು, ಅದು ಏನೆಂಬುದನ್ನು ತನ್ನ ಭಾಷೆಯಲ್ಲಿ ತಿಳಿಯಬೇಕು. ಅವರ ಇನ್ನೊಂದು ಕ್ರಮವೂ ಮೆಚ್ಚುವಂಥದ್ದು. ಪಾಠದ ಬರಹ ಸಿದ್ಧವಾದ ಮೇಲೆ, ಆ ವಿಷಯವನ್ನೇ ಅರಿಯದ ಹೊಸಬನೊಬ್ಬನಿಗೆ ಅದನ್ನು ಕೊಟ್ಟು ಪರೀಕ್ಷಿಸುತ್ತಾರೆ. ಅವನಿಗೆ ಎಲ್ಲಿ ತೊಡಕಾಯಿತೋ ಅಲ್ಲಿ ಬರಹ ತಿದ್ದುತ್ತಾರೆ, ರೆಕಾರ್ಡಿಂಗ್ ಅದಾದ ಬಳಿಕ. ಬಲ್ಲವನು ತನಗೆ ಸುಲಭವಾದುದನ್ನು ಹೇಳದೆ ಬಿಟ್ಟುಬಿಡುತ್ತಾನೆ. ಬಿಟ್ಟುದು ಏನೆಂಬುದು ಅರಿಯದವನಿಗೆ ಮಾತ್ರ ಕಾಣುತ್ತದೆ.

ಮಾಡಿ ತೋರಿಸಿ ಕಲಿಸುವುದು ನಮ್ಮ ಪರಂಪರೆಗೆ ಹೊಸದೇ? ತಾವು ನಮಾಝ್ ಮಾಡುವುದನ್ನು ಕಂಡಂತೆಯೇ ಮಾಡಬೇಕೆಂದು ಪ್ರವಾದಿ(ಸ) ಸಹಾಬಿಗಳಿಗೆ ಹೇಳಿದ್ದರು, ನಮಾಝಿನ ಬಗ್ಗೆ ಗ್ರಂಥ ಬರೆಸಲಿಲ್ಲ. ಮೂರನೆಯ ಖಲೀಫಾ ಉಸ್ಮಾನ್(ರ) ಒಮ್ಮೆ ನೀರು ತರಿಸಿ, ಜನರ ಎದುರು ಕುಳಿತು, ಕೈ ತೊಳೆಯುವುದರಿಂದ ಕಾಲು ತೊಳೆಯುವ ವರೆಗೆ ವುಝೂವನ್ನು ಒಂದೊಂದಾಗಿ ಮಾಡಿ ತೋರಿಸಿದರು. ಪ್ರವಾದಿ(ಸ) ಹೀಗೆಯೇ ಮಾಡುವುದನ್ನು ತಾನು ಕಂಡಿದ್ದೇನೆಂದು ತಿಳಿಸಿದರು. ಅದನ್ನು ನೋಡಿದವರು ಮುಂದಿನವರಿಗೆ ವಿವರಿಸಿದರು, ಇಮಾಮ್ ಬುಖಾರಿಯವರ ಗ್ರಂಥಕ್ಕೆ ಅದು ಬಂದು ತಲುಪಿತು. ಹೆಜ್ಜೆ ಹೆಜ್ಜೆಯಾಗಿ ಮಾಡುತ್ತಾ ತೋರಿಸಿದ್ದು, ಯಾರು ತೋರಿಸಿದರು ಎಂಬುದು ಗೊತ್ತಿರುವುದು, ಯಾರಿಂದ ಬಂತೆಂದು ಹೇಳಬಹುದಾದ ಸರಪಳಿ. ಒಂದು ಒಳ್ಳೆಯ ರೆಕಾರ್ಡಿಂಗ್‌ಗೆ ಬೇಕಾದುದೂ ಇದೇ ಮೂರು.

ಇದನ್ನು ಹೇಗೆ ಮಾಡಬೇಕೆಂಬುದರ ಬಗ್ಗೆ ತುಸು ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಈಗ ಹರಿದಾಡುವ ವೀಡಿಯೊಗಳಲ್ಲಿ ಹೆಚ್ಚಿನವು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತಿವೆ. ಅವುಗಳಲ್ಲಿ ಮೊದಲ ಎರಡು ನಿಮಿಷ ಸಂಗೀತ, ಆಮೇಲೆ ಚಾನೆಲ್‌ಗೆ ಸೇರಿಕೊಳ್ಳಿ ಎಂಬ ಬಿನ್ನಹ. ವಿಷಯ ಬಂದಾಗ ಬೆರಳು ಎಲ್ಲಿ ಒತ್ತಿತೆಂದು ಕಾಣುವುದಿಲ್ಲ. ಕಂಡದ್ದು ಯಾರದೋ ಆಧಾರ್ ಸಂಖ್ಯೆ.

ಮೊದಲನೆಯದು ಆ ಆಧಾರ್ ಸಂಖ್ಯೆಯ ಮಾತೇ. ಸ್ಕ್ರೀನ್ ರೆಕಾರ್ಡಿಂಗ್ ಎಂಬುದು ಪರದೆಯ ಮೇಲಿರುವ ಎಲ್ಲವನ್ನೂ ಹಿಡಿಯುತ್ತದೆ. ಅದಕ್ಕೆ ಯಾವುದು ಪಾಠ, ಯಾವುದು ಗುಟ್ಟು ಎಂಬ ವಿವೇಕವಿಲ್ಲ. ನಡುವೆ ಬಂದಿಳಿಯುವ ಸಂದೇಶ, ಒಟಿಪಿ, ಬ್ಯಾಂಕಿನ ಸೂಚನೆ ಎಲ್ಲವೂ ಅದರೊಳಗೆ ಬೀಳುತ್ತವೆ. ಆದ್ದರಿಂದ ರೆಕಾರ್ಡ್ ಮಾಡುವ ಮೊದಲು ಮೊಬೈಲಿನ ಸೂಚನೆಗಳನ್ನೆಲ್ಲ ನಿಲ್ಲಿಸಬೇಕು. ನಿಜವಾದ ವ್ಯಕ್ತಿಯ ವಿವರ ತುಂಬಬೇಕಾಗಿ ಬಂದರೆ ಆ ಭಾಗವನ್ನು ಕತ್ತರಿಸಬೇಕು ಅಥವಾ ಮುಚ್ಚಬೇಕು. ಬ್ಯಾಂಕುಗಳ ಆ್ಯಪ್‌ಗಳು ರೆಕಾರ್ಡಿಂಗ್‌ನಲ್ಲಿ ಬರಿಯ ಕಪ್ಪಾಗಿ ಕಾಣುವುದನ್ನು ಹಲವರು ದೋಷವೆಂದು ತಿಳಿದಿದ್ದಾರೆ. ಅದು ಉದ್ದೇಶಪೂರ್ವಕವಾದ ರಕ್ಷಣೆ. ಸರಕಾರಿ ಪೋರ್ಟಲ್‌ಗಳಲ್ಲಿ ಅಂಥ ರಕ್ಷಣೆ ಇರುತ್ತದೆಂದು ನಂಬಿ ಕೂರುವಂತಿಲ್ಲ, ನಾವೇ ಎಚ್ಚರ ವಹಿಸಬೇಕು. ವಿಧವೆಯೊಬ್ಬಳ ಪಿಂಚಣಿ ಅರ್ಜಿಯನ್ನು ಉದಾಹರಣೆಯಾಗಿ ತೋರಿಸಿ ಅವಳ ಬ್ಯಾಂಕ್ ಖಾತೆಯನ್ನು ಮುನ್ನೂರು ಮಂದಿಯ ಗುಂಪಿಗೆ ಕಳುಹಿಸುವುದು ಸಮಾಜಸೇವೆಯಲ್ಲ, ಅಮಾನತ್‌ಗೆ ಬಗೆದ ದ್ರೋಹ.

ಬೆರಳು ಒತ್ತಿದ ಜಾಗ ಕಾಣುವಂತೆ ಮಾಡುವ ಸೌಲಭ್ಯ ಆಂಡ್ರಾಯ್ಡ್ ರೆಕಾರ್ಡರಿನಲ್ಲೇ ಇದೆ, ಅದನ್ನು ಚಾಲೂ ಮಾಡಿಕೊಳ್ಳಬೇಕು. ಒಂದು ವೀಡಿಯೊದಲ್ಲಿ ಒಂದೇ ಕೆಲಸ. ನೋಂದಣಿಯಿಂದ ಸಲ್ಲಿಕೆಯ ವರೆಗೆ ನಲ್ವತ್ತು ನಿಮಿಷ ಎಳೆದರೆ, ನಕ್ಷೆಯ ಪುಟದಲ್ಲಿ ಸಿಕ್ಕಿಬಿದ್ದವನು ಅದರಲ್ಲಿ ಎಲ್ಲಿ ಹುಡುಕಬೇಕು? ಲಾಗಿನ್ ಒಂದು, ಕಡತ ಏರಿಸುವುದು ಒಂದು, ನಕ್ಷೆ ಒಂದು ಎಂದು ಬಿಡಿಸಿದರೆ ಬೇಕಾದವನು ಬೇಕಾದುದನ್ನು ಆರಿಸಿಕೊಳ್ಳುತ್ತಾನೆ. ಧ್ವನಿಯು ಬೆರಳಿಗಿಂತ ಮುಂದೆ ಹೋಗಬಾರದು. ಇನ್ನು 'ಇಲ್ಲಿ ಒತ್ತಿ' ಎಂಬ ಮಾತು ಬೇಡವೇ ಬೇಡ, ಏಕೆಂದರೆ ಕಣ್ಣು ಮಂಜಾದ ಹಿರಿಯರಿಗೆ 'ಇಲ್ಲಿ' ಎಂಬುದು ಎಲ್ಲಿ? 'ಬಲಬದಿಯ ಕೆಳಗೆ ಹಸಿರು ಬಣ್ಣದಲ್ಲಿ ಸಬ್‌ಮಿಟ್ ಎಂದಿದೆ, ಅದನ್ನು ಒತ್ತಿ' ಎನ್ನಬೇಕು. ತಪ್ಪುಗಳನ್ನೂ ತೋರಿಸಬೇಕು. ಕಡತದ ಗಾತ್ರ ಹೆಚ್ಚಾದರೆ ಬರುವ ಕೆಂಪು ಅಕ್ಷರವನ್ನು ತೋರಿಸಿ, ಅದನ್ನು ಕಿರಿದು ಮಾಡುವುದು ಹೇಗೆಂದು ಹೇಳಿದರೆ ಅದೊಂದೇ ನೂರು ಮಂದಿಯನ್ನು ಸೆಂಟರಿನ ಸರದಿಯಿಂದ ಉಳಿಸೀತು. ಎಲ್ಲವೂ ಸುಸೂತ್ರವಾಗಿ ನಡೆಯುವ ವೀಡಿಯೊ ನೋಡಲು ಚೆಂದ. ನಮ್ಮ ಕಂಪ್ಯೂಟರಿನಲ್ಲಿ ಹಾಗೆ ನಡೆಯುವುದಿಲ್ಲ, ಅಷ್ಟೆ.

ವಾಟ್ಸಾಪಿನಲ್ಲಿ ವೀಡಿಯೊ ಆಗಿ ಕಳುಹಿಸಿದರೆ ಅದು ಕುಗ್ಗಿ ಅಕ್ಷರಗಳು ಮಸುಕಾಗುತ್ತವೆ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಇದು ಸಣ್ಣ ಸಂಗತಿಯೆನಿಸಬಹುದು. ಸರ್ವೆ ನಂಬರಿನ 3 ಯಾವುದು, 8 ಯಾವುದೆಂದು ಗೊತ್ತಾಗದ ಪಾಠದಿಂದ ಜಮೀನಿನ ದಾಖಲೆ ಏರಿಸಲು ಹೊರಟವನಿಗೆ ಅದು ಸಣ್ಣದಲ್ಲ.

ಭಾಷೆ ಯಾವುದು? ಕೆಜಿಎಫ್‌ನಲ್ಲಿ ಈ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗಳಲ್ಲಿ ದಖನಿ, ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಪರದೆಯ ಮೇಲೆ ಇಂಗ್ಲಿಷು. ಬಹುಶಃ ರಾಜ್ಯದಲ್ಲಿ ಇಷ್ಟು ಭಾಷೆಗಳನ್ನು ದಿನನಿತ್ಯ ದಾಟುವ ಇನ್ನೊಂದು ಊರು ಸಿಗುವುದು ವಿರಳ. ನಮ್ಮ ಅಭಿಪ್ರಾಯದಲ್ಲಿ ವೀಡಿಯೊ ಒಂದೇ ಸಾಕು, ಧ್ವನಿಗಳು ಎರಡು ಬೇಕು. ಹಿರಿಯರಿಗಾಗಿ ಮನೆಯ ದಖನಿಯಲ್ಲಿ ಒಂದು, ಮಿಂಬರಿನ ಉರ್ದುವಿನಲ್ಲಲ್ಲ. ಎರಡನೆಯದು ಕನ್ನಡದಲ್ಲಿ, ಏಕೆಂದರೆ ಅದೇ ತೊಂದರೆಯು ಪಕ್ಕದ ಬೀದಿಯ ದೇವಾಲಯದ ಧರ್ಮದರ್ಶಿಗೂ, ಇಗರ್ಜಿಯ ಕಾರ್ಯದರ್ಶಿಗೂ, ಗಣಿಯ ಲೈನ್ ಮನೆಗಳಲ್ಲಿ ಬಾಳುತ್ತಿರುವ ದಲಿತ ಕುಟುಂಬಕ್ಕೂ ಇದೆ. ವಿದ್ಯಾರ್ಥಿವೇತನದ ಪುಟವು ಎಲ್ಲರಿಗೂ ಸಮಾನವಾಗಿ ಕೈಕೊಡುತ್ತದೆ. ನಮ್ಮ ಹುಡುಗನು ಮಾಡಿದ ಪಾಠದಿಂದ ಅವರ ಮಗಳಿಗೆ ವೇತನ ದೊರೆತರೆ, ಸೌಹಾರ್ದ ಸಮಾವೇಶಕ್ಕೆ ಶಾಮಿಯಾನ ಹಾಕುವ ಖರ್ಚು ಉಳಿದೀತು.

ಇದಕ್ಕೆ ಬರಬಹುದಾದ ಆಕ್ಷೇಪಗಳು ಗೊತ್ತಿವೆ. ವೀಡಿಯೊ ನೋಡಿ ನೋಡಿ ಜನರು ಓದುವುದನ್ನೇ ಮರೆಯುತ್ತಾರೆ ಎನ್ನುವವರಿದ್ದಾರೆ. ಈ ಆತಂಕದಲ್ಲಿ ಹುರುಳಿದೆ. ವೀಡಿಯೊದಲ್ಲಿ ಹುಡುಕುವುದು ಕಷ್ಟ, ಓಡಿಸಿ ನೋಡಬೇಕು. ಕಿವಿ ಕೇಳದವರಿಗೆ ಅದು ಅರ್ಧ ಪಾಠ. ಆದ್ದರಿಂದಲೇ ಪ್ರತಿ ರೆಕಾರ್ಡಿಂಗ್‌ನ ಜೊತೆ ಒಂದು ಪುಟದ ಬರಹವೂ ಇರಬೇಕು, ಮಸೀದಿಯ ಸೂಚನಾ ಫಲಕಕ್ಕೆ ಅಂಟಿಸುವಂಥದ್ದು. ಬೇಕಾಗುವ ದಾಖಲೆಗಳ ಹೆಸರು, ಕ್ರಮ, ಸಹಾಯವಾಣಿ ಅಷ್ಟೇ. ಪೋರ್ಟಲ್ ಬದಲಾದರೆ ವೀಡಿಯೊ ನಿರುಪಯುಕ್ತವಾಗುತ್ತದೆಂಬುದು ಇನ್ನೊಂದು ಆಕ್ಷೇಪ. ಅದೂ ನಿಜವೇ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಒಂದು ಬಾರಿಯ ನೋಂದಣಿ, ಮುಖ ಗುರುತಿಸುವಿಕೆ ಎಂದೆಲ್ಲ ಬದಲಾದ ಮೇಲೆ ಹಳೆಯ ವೀಡಿಯೊಗಳು ದಾರಿ ತಪ್ಪಿಸುವ ಕೈಕಂಬಗಳಾದವು. ರೆಕಾರ್ಡಿಂಗ್‌ನ ಮೊದಲ ವಾಕ್ಯದಲ್ಲೇ ದಿನಾಂಕ ಹೇಳಬೇಕು. ಹಳತಾದುದನ್ನು ಅಳಿಸುವ ಹೊಣೆ ಒಬ್ಬರ ಮೇಲಿರಬೇಕು. ಸಣ್ಣ ಸಣ್ಣದಾಗಿ ಮಾಡಿದ್ದರೆ ಬದಲಾದ ಒಂದನ್ನು ಮಾತ್ರ ಮತ್ತೆ ಮಾಡಿದರಾಯಿತು.

ಇಲ್ಲೊಂದು ಗಂಭೀರವಾದ ಎಚ್ಚರಿಕೆ ಅಗತ್ಯ. ಪರದೆಯನ್ನು ರೆಕಾರ್ಡ್ ಮಾಡುವುದು ಬೇರೆ, ಪರದೆಯನ್ನು ಇನ್ನೊಬ್ಬನಿಗೆ ಹಂಚುವುದು ಬೇರೆ. 'ನಾನು ಇಲ್ಲಿಂದಲೇ ನಿಮ್ಮ ಅರ್ಜಿ ತುಂಬುತ್ತೇನೆ, ಈ ಆ್ಯಪ್ ಹಾಕಿಕೊಳ್ಳಿ' ಎಂದು ಫೋನಿನಲ್ಲಿ ಹೇಳುವವನು ನಿಮ್ಮ ಪರದೆಯನ್ನು ಆ ಕ್ಷಣದಲ್ಲೇ ನೋಡುತ್ತಾನೆ. ಬಂದ ಒಟಿಪಿಯನ್ನೂ ನೋಡುತ್ತಾನೆ. ಎನಿಡೆಸ್ಕ್‌ನಂಥ ಆ್ಯಪ್‌ಗಳ ಮೂಲಕ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಸಹಾಯ ಮಾಡುವವರಿಗೆಲ್ಲ ಪರದೆ ತೆರೆದು ತೋರಿಸುವ ಅಭ್ಯಾಸವಾದ ಸಮುದಾಯವು ವಂಚಕನಿಗೂ ತೆರೆದು ತೋರಿಸುತ್ತದೆ. ರೆಕಾರ್ಡ್ ಮಾಡಿದ ಪಾಠದ ದೊಡ್ಡ ಗುಣ ಇದೇ ಅಲ್ಲವೇ? ಕಲಿಸುವವನು ತನ್ನ ಪರದೆ ತೋರಿಸುತ್ತಾನೆ, ನಿಮ್ಮದನ್ನು ಕೇಳುವುದಿಲ್ಲ.

ಸರಕಾರದ ಹೊಣೆಯನ್ನು ನಾವು ಹೊತ್ತುಕೊಂಡರೆ ಅದು ಮತ್ತಷ್ಟು ನಿರಾಳವಾಗುವುದಿಲ್ಲವೇ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟು. ಆರು ತಿಂಗಳ ಗಡುವು ವಿಧಿಸಿ ಪೋರ್ಟಲ್ ತೆರೆಯುವ ಸರಕಾರವು, ಆ ರಾಜ್ಯದ ಜನರ ಭಾಷೆಯಲ್ಲಿ ಅದರ ಬಳಕೆಯ ಪಾಠವನ್ನು ಮೊದಲ ದಿನವೇ ಕೊಡಬೇಕು. ಹಾಗೆ ಕೊಡದ ದಿನಗಳನ್ನು ಗಡುವಿನಿಂದ ಕಳೆಯಬೇಕು. ರಾಜ್ಯ ವಕ್ಫ್ ಮಂಡಳಿಯೂ ಇದನ್ನು ಕೇಂದ್ರದ ಮೇಲೆ ಹಾಕಿ ಕೈತೊಳೆದುಕೊಳ್ಳಲಾಗದು. ಕರ್ನಾಟಕದಿಂದ 58 ಸಾವಿರಕ್ಕೂ ಹೆಚ್ಚು ಆಸ್ತಿಗಳು ದಾಖಲಾದವೆಂಬ ಹೆಮ್ಮೆಯ ಅಂಕಿಯ ಹಿಂದೆ, ಮಂಡಳಿಯ ನೌಕರರ ಶ್ರಮದೊಂದಿಗೆ ಹೆಸರಿಲ್ಲದ ಎಷ್ಟೋ ಯುವಕರು ರಾತ್ರಿಯಿಡೀ ಕುಳಿತು ಮಾಡಿದ ಪುಕ್ಕಟೆ ದುಡಿಮೆ ಇದೆ. ಅವರ ಕೈಯಲ್ಲಿರುವ ಅರಿವನ್ನು ರೆಕಾರ್ಡ್ ಮಾಡಿಸಿ ಎಲ್ಲ ಜಿಲ್ಲೆಗಳಿಗೆ ಕಳುಹಿಸಲು ಮಂಡಳಿಗೆ ಎಷ್ಟು ಖರ್ಚಾದೀತು? ಈ ಬೇಡಿಕೆಯನ್ನು ಮುಂದಿಡುವುದೂ, ಮಸೀದಿಯಲ್ಲಿ ನಾವೇ ಆರಂಭಿಸುವುದೂ ಒಂದಕ್ಕೊಂದು ವಿರುದ್ಧವಲ್ಲ.

ಕೊನೆಯದಾಗಿ, ಧ್ವನಿ ಯಾರದಾಗಿರಬೇಕು ಎಂಬ ಪ್ರಶ್ನೆ. ಕೆಜಿಎಫ್ ಮತ್ತು ಬಂಗಾರಪೇಟೆಯ ಅನೇಕ ಮನೆಗಳಲ್ಲಿ ಅಪ್ಪನಿಗೂ ಅಣ್ಣನಿಗೂ ಬಾರದ ಕಂಪ್ಯೂಟರು ಪಿಯುಸಿ ಮುಗಿಸಿದ ಮಗಳಿಗೆ ಬರುತ್ತದೆ. ಮನೆಯವರ ಅರ್ಜಿಗಳನ್ನೆಲ್ಲ ತುಂಬುವವಳು ಅವಳೇ. ಅವಳು ಪಾಠ ರೆಕಾರ್ಡ್ ಮಾಡಿದರೆ ಪರಪುರುಷರು ಧ್ವನಿ ಕೇಳುವುದಿಲ್ಲವೇ ಎಂದು ಯಾರಾದರೂ ಹುಬ್ಬೇರಿಸುವುದು ಖಂಡಿತ. ಆಯಿಶಾ(ರ) ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ವರದಿಯಾಗಿವೆ. ಪರದೆಯ ಹಿಂದಿನಿಂದ ಅವರು ಹೇಳಿದುದನ್ನು ಪುರುಷರು ಕೇಳಿ ಬರೆದುಕೊಂಡರು, ಅದು ನಮ್ಮ ದೀನ್‌ನ ಭಾಗವಾಯಿತು. ಹುಬ್ಬೇರಿಸುವವರು ತಮ್ಮ ಪಿಂಚಣಿಯ ಅರ್ಜಿಯನ್ನು ಯಾರು ತುಂಬಿದರೆಂದು ಮನೆಗೆ ಹೋಗಿ ವಿಚಾರಿಸಲಿ.

ಯಾವ ಪಾಠದಿಂದ ಆರಂಭಿಸಬೇಕೆಂದು ಕೇಳಿದರೆ, ನಕ್ಷೆಯಿಂದಲೂ ಬೇಡ, ಕಡತದಿಂದಲೂ ಬೇಡ. ಇಮೇಲ್ ತೆರೆಯುವುದು ಹೇಗೆ, ಪೋರ್ಟಲ್‌ನ ಹಳೆಯ ಪಾಸ್‌ವರ್ಡ್ ಬದಲಾಯಿಸಿ ಹೊಸದನ್ನು ಇಡುವುದು ಹೇಗೆ, ಅದನ್ನು ಎಲ್ಲಿ ಬರೆದಿಟ್ಟುಕೊಳ್ಳಬೇಕು ಎಂಬುದೇ ಮೊದಲ ವೀಡಿಯೊ ಆಗಲಿ. ಮೂರು ನಿಮಿಷ ಸಾಕು. ಬರುವ ಜುಮಾದ ಬಳಿಕ ಕಾರ್ಯದರ್ಶಿಯವರು ಅದನ್ನು ನೋಡುತ್ತಾ ತಮ್ಮ ಬೆರಳಿನಿಂದಲೇ ಮಾಡಲಿ, ಪಕ್ಕದಲ್ಲಿ ಕುಳಿತ ಹುಡುಗನು ಆ ಹೊತ್ತಿನಲ್ಲಿ ಬೇರೆ ಕಡೆ ನೋಡಲಿ.